ಮುಖದ ಪಾರ್ಶ್ವವಾಯು: ತೀವ್ರತೆಯನ್ನು ಅಳೆದು ದಾಖಲಿಸುವ ಕ್ರಮ

ಮುಖದ ಒಂದು ಬದಿಯ ಬಲ ಹೋದ ರೋಗಿ ಎದುರಿಗೆ ಬಂದು ಕುಳಿತಾಗ, ಕೇಸ್ ಪೇಪರಿನ ಮೇಲೆ ‘ಬಲಬದಿ ಬೆಲ್ಸ್ ಪಾಲ್ಸಿ, ಮಧ್ಯಮ’ (ಬೇರೆ ಕಾರಣ ಸಿಗದ, ಮುಖದ ನರದ ಸೋಲಿಗೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ) ಎಂದಷ್ಟೇ ಬರೆದು ವ್ಯಾಯಾಮ ಆರಂಭಿಸುವ ರೂಢಿ ಮುಂಬೈ, ಠಾಣೆ, ಪುಣೆಗಳ ಎಷ್ಟೋ ಸಣ್ಣ ಚಿಕಿತ್ಸಾಲಯಗಳಲ್ಲಿದೆ. ಎರಡು ತಿಂಗಳ ನಂತರ ಅದೇ ರೋಗಿ ತನಗೆ ಎಷ್ಟು ಗುಣವಾಗಿದೆ ಎಂದು ಕೇಳಿದರೆ ಆ ಬರಹದಿಂದ ಯಾವ ಉತ್ತರವೂ ಸಿಗುವುದಿಲ್ಲ. ಅಷ್ಟರಲ್ಲಿ ಅವರು ವಿರಾರಿನಿಂದ ಡೊಂಬಿವಲಿಗೆ ಮನೆ ಬದಲಿಸಿದ್ದರೆ ಅಥವಾ ಊರಿಗೆಂದು ಕಲಬುರಗಿಗೋ ಕುಂದಾಪುರಕ್ಕೋ ಹೋಗಿ ಬೇರೊಬ್ಬ ವೈದ್ಯರನ್ನು ಕಂಡರೆ, ಹಿಂದಿನ ಸ್ಥಿತಿ ಏನಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. ಹಣೆ, ಕಣ್ಣು, ಕೆನ್ನೆ, ಬಾಯಿ ಇವನ್ನು ಬೇರೆಬೇರೆಯಾಗಿ ನೋಡಿ, ಮುಖ ಸುಮ್ಮನಿದ್ದಾಗ ಹೇಗಿದೆ, ಚಲಿಸುವಾಗ ಹೇಗಿದೆ, ಬೇಡದ ಚಲನೆ ಸೇರಿಕೊಂಡಿದೆಯೇ ಎಂಬ ಮೂರನ್ನೂ ಪ್ರತಿ ಭೇಟಿಯಲ್ಲೂ ಒಂದೇ ಕ್ರಮದಲ್ಲಿ ಬರೆದಿಟ್ಟರೆ ಮಾತ್ರ ಅದನ್ನು ಅಳತೆ ಎನ್ನಬಹುದು. ಈ ಬರಹ ಇಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ ಫಿಸಿಯೋಥೆರಪಿಸ್ಟರು, ನರ್ಸ್‌ಗಳು ಮತ್ತು ಕುಟುಂಬ ವೈದ್ಯರಿಗಾಗಿ. ರೋಗಿಯ ಮನೆಯವರೂ ಓದಬಹುದು. ಆದರೆ ರೋಗ ಯಾವುದೆಂದು ನಿರ್ಧರಿಸುವ ಕೆಲಸ ವೈದ್ಯರದೇ.

ಮೊದಲು ನೋಡಬೇಕಾದದ್ದು ಹಣೆ

ಮುಖದ ಭಾವಸ್ನಾಯುಗಳನ್ನೆಲ್ಲ ನಡೆಸುವುದು ಏಳನೆಯ ಕಪಾಲ ನರ, ಅಂದರೆ ಮೆದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಏಳನೆಯದಾದ ಮುಖದ ನರ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಮುಖದ ಕೆಳಭಾಗಕ್ಕೆ ಹೆಚ್ಚಾಗಿ ವಿರುದ್ಧ ಬದಿಯಿಂದ ಮಾತ್ರ ಬರುತ್ತದೆ. ಆದ್ದರಿಂದ ಮೆದುಳಿನಲ್ಲಿ ರಕ್ತನಾಳ ಕಟ್ಟಿ ಅಥವಾ ಒಡೆದು ಬಾಯಿ ಸೊಟ್ಟಗಾದವರಲ್ಲಿ ಹಣೆಯ ನೆರಿಗೆ ಸಾಮಾನ್ಯವಾಗಿ ಉಳಿದಿರುತ್ತದೆ. ನರವೇ ಕೆಟ್ಟಿದ್ದರೆ ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಸೋಲುತ್ತವೆ. ಹುಬ್ಬು ಎತ್ತಿಸಿ ನೋಡಿ ಎರಡೂ ಬದಿಯಲ್ಲಿ ನೆರಿಗೆ ಸರಿಯಾಗಿ ಮೂಡಿ, ಬಾಯಿ ಮಾತ್ರ ಒಂದು ಕಡೆಗೆ ಎಳೆದಿದ್ದರೆ ಅಳತೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಎರಡೂ ಕೈ ಮುಂದೆ ಚಾಚಿಸಿ ಒಂದು ಕೈ ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತದೆಯೇ, ನಡಿಗೆ ವಾಲುತ್ತದೆಯೇ ಎಂದು ನೋಡಿ, ಲಕ್ಷಣ ಆರಂಭವಾದ ಗಂಟೆಯನ್ನು ಬರೆದುಕೊಂಡು ಕೂಡಲೇ 108ಕ್ಕೆ ಕರೆ ಮಾಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ ಮಾತ್ರ ಕೊಡುವಂಥದ್ದು. ಮುಂಬೈಯ ಸಂಜೆಯ ಟ್ರಾಫಿಕ್ಕಿನಲ್ಲಿ ಅದರ ಒಂದು ಪಾಲು ರಸ್ತೆಯಲ್ಲೇ ಕಳೆದುಹೋಗುತ್ತದೆ. ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಪುಣೆಯ ಸಸೂನ್, ಗೋವಾದ ಬಾಂಬೋಳಿ ವೈದ್ಯಕೀಯ ಕಾಲೇಜು ಇಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕಳುಹಿಸಬೇಕೇ ಹೊರತು, ನಾಳೆ ಬೆಳಿಗ್ಗೆ ಓಪಿಡಿಗೆ ಹೋಗಿ ಎನ್ನಬಾರದು.

ಹಣೆಯೂ ಸೋತಿದ್ದರೂ ಎಲ್ಲವೂ ಬೆಲ್ಸ್ ಪಾಲ್ಸಿ ಅಲ್ಲ. ಬೆಲ್ಸ್ ಪಾಲ್ಸಿ ಎಂಬುದು ಬೇರೆ ಕಾರಣ ಸಿಗದಿದ್ದಾಗ ಇಡುವ ಹೆಸರು, ಮತ್ತು ಅದು 72 ಗಂಟೆಯೊಳಗೆ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಕಿವಿಯೊಳಗೆ ಅಥವಾ ಕಿವಿಯ ಹಿಂದೆ ಗುಳ್ಳೆಗಳಿದ್ದು ತೀವ್ರ ನೋವಿದ್ದರೆ ಅದು ಸರ್ಪಸುತ್ತಿನ ವೈರಾಣುವಿನಿಂದ ಬರುವ ರಾಮ್ಸೆ ಹಂಟ್ ಸಿಂಡ್ರೋಮ್ ಇರಬಹುದು. ಅಲ್ಲಿ ಚೇತರಿಕೆ ಬೆಲ್ಸ್ ಪಾಲ್ಸಿಯಷ್ಟು ಚೆನ್ನಾಗಿರುವುದಿಲ್ಲ. ಬಹುಕಾಲದಿಂದ ಕಿವಿ ಸೋರುತ್ತಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರೇ ನೋಡಬೇಕು. ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತಾ ಬಂದ ಬಲಹೀನತೆ, ಕಿವಿಯ ಮುಂದೆ ಅಥವಾ ಕೆಳಗೆ ಕೈಗೆ ಸಿಗುವ ಗಂಟು, ಎರಡೂ ಬದಿ ಒಟ್ಟಿಗೆ ಸೋತಿರುವುದು, ಇವು ಸ್ಕ್ಯಾನ್ ಅಥವಾ ಬೇರೆ ತಪಾಸಣೆಯನ್ನು ಬೇಡುತ್ತವೆ. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ. ಕೆನ್ನೆಯ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದು ಕಣ್ಣು ಮಾತ್ರ ಮುಚ್ಚಲಾಗದಿದ್ದರೆ ಕುಷ್ಠರೋಗವನ್ನು ನೆನೆಯಬೇಕು. ಅದು ಮುಖದ ನರದ, ಕೆನ್ನೆಮೂಳೆಯ ಮೇಲೆ ಹಾಯುವ ಕವಲನ್ನು ಹಿಡಿಯುತ್ತದೆ. ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದನ್ನು ಸಂಕೋಚದಿಂದ ಕುಗ್ಗಿದ ರೋಗಿಗೆ ಮೆಲ್ಲಗೆ, ಸ್ಪಷ್ಟವಾಗಿ ಹೇಳಬೇಕು.

ರೋಗಿಯ ಮಾತು

ಆರಂಭದ ದಿನವನ್ನು ಖಚಿತವಾಗಿ ಕೇಳಿ ಬರೆಯಿರಿ. ‘ಲೋಕಲ್ ಟ್ರೇನಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ, ಗಾಳಿ ಹೊಡೆಯಿತು’ ಎಂದು ಹೇಳುವವರು ಬಹಳ. ಆ ಮಾತನ್ನು ಅಲ್ಲಗಳೆಯುತ್ತ ಕೂರುವ ಬದಲು, ಆ ಪ್ರಯಾಣ ಯಾವ ದಿನದ್ದು, ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಸೋರಿತೇ ಎಂದು ಕೇಳಿದರೆ ದಿನಾಂಕ ತಾನಾಗಿ ಸಿಗುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ಸ್ಟೀರಾಯ್ಡ್ ಮಾತ್ರೆಗಳನ್ನು ಮೊದಲ 72 ಗಂಟೆಯೊಳಗೆ ಆರಂಭಿಸಿದರೆ ಪೂರ್ಣ ಚೇತರಿಕೆಯ ಸಾಧ್ಯತೆ ಹೆಚ್ಚುತ್ತದೆಂಬುದು ದೃಢಪಟ್ಟಿದೆ. ಆದ್ದರಿಂದ ಎರಡನೆಯ ದಿನವೇ ಮಸಾಜ್‌ಗೆಂದು ಬಂದವರನ್ನು, ಅಂಕ ಹಾಕುವುದಕ್ಕೂ ಮೊದಲು, ವೈದ್ಯರ ಬಳಿ ಕಳುಹಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸಿರು ಇವನ್ನು ಚೀಟಿಯಲ್ಲಿ ಬರೆದು ಕೊಡಿ. ಔಷಧದ ನಿರ್ಧಾರ ಅದರ ಮೇಲೆ ನಿಂತಿರುತ್ತದೆ.

ಮುಂದಿನ ಪ್ರಶ್ನೆಗಳು ನಿತ್ಯದ ಬದುಕಿನವು. ಅನ್ನ ಕೆನ್ನೆ ಮತ್ತು ಒಸಡಿನ ನಡುವೆ ಸಿಕ್ಕಿಕೊಳ್ಳುತ್ತದೆಯೇ, ಚಹಾ ಕುಡಿಯುವಾಗ ಬಾಯಿಯ ಅಂಚಿನಿಂದ ಸೋರುತ್ತದೆಯೇ, ಆ ಬದಿಯ ಕಿವಿಗೆ ಪಾತ್ರೆಯ ಸದ್ದು, ರೈಲಿನ ಹಾರ್ನ್ ಅತಿಯಾಗಿ ಕೇಳುತ್ತದೆಯೇ, ನಾಲಿಗೆಯ ಮುಂಭಾಗದ ರುಚಿ ಹೋಗಿದೆಯೇ, ಕಣ್ಣು ಒಣಗಿ ಉರಿಯುತ್ತದೆಯೇ ಎಂದು ಒಂದೊಂದಾಗಿ ಕೇಳಿ. ಇವುಗಳಲ್ಲಿ ಸದ್ದು ಮತ್ತು ರುಚಿಯ ಪ್ರಶ್ನೆಗಳು ನರಕ್ಕೆ ಎಲ್ಲಿ ಏಟಾಗಿದೆ ಎಂಬ ಸುಳಿವನ್ನೂ ಕೊಡುತ್ತವೆ. 1996ರಲ್ಲಿ ಪ್ರಕಟವಾದ ಫೇಶಿಯಲ್ ಡಿಸೆಬಿಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿಯಲ್ಲಿ ದೈಹಿಕ ತೊಂದರೆಯ 5 ಮತ್ತು ಸಾಮಾಜಿಕ ತೊಂದರೆಯ 5 ಪ್ರಶ್ನೆಗಳಿವೆ. ಸಾಮಾಜಿಕ ಭಾಗವನ್ನು ಬಿಡಬಾರದು. ಹೋಟೆಲಿನ ಗಲ್ಲಾದಲ್ಲಿ ಕೂರುವ ಮನುಷ್ಯನಿಗೆ, ತರಗತಿಯ ಮುಂದೆ ನಿಲ್ಲುವ ಶಿಕ್ಷಕಿಗೆ, ಮದುವೆ ನಿಶ್ಚಯವಾದ ಹುಡುಗಿಗೆ ನಮ್ಮ ಕಣ್ಣಿಗೆ ‘ಸೌಮ್ಯ’ವಾಗಿ ಕಂಡ ಸೊಟ್ಟ ಬಹಳ ದೊಡ್ಡದಾಗಿರುತ್ತದೆ.

ಕೂರಿಸುವ ಬಗೆ

ರೋಗಿಯನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಬೆಳಕು ಮುಖದ ಎದುರಿನಿಂದ ಬೀಳುವಂತೆ ಕೂರಿಸಿ, ನೀವು ಅವರ ಕಣ್ಣಿನ ಎತ್ತರಕ್ಕೇ ಕುಳಿತುಕೊಳ್ಳಿ. ಕನ್ನಡಕ, ಮಾಸ್ಕ್ ತೆಗೆಸಿ. ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಲು ಹೇಳಿ. ಬದಿಯ ಕಿಟಕಿಯಿಂದ ಬೆಳಕು ಬಿದ್ದರೆ ಒಂದು ಕೆನ್ನೆಯ ಗೆರೆ ಆಳವಾಗಿಯೂ ಇನ್ನೊಂದು ಮಾಸಿದಂತೆಯೂ ಕಂಡು ಅಂಕವೇ ತಪ್ಪುತ್ತದೆ.

ಹುಟ್ಟಿನಿಂದಲೇ ಎರಡೂ ಬದಿ ಪೂರ್ತಿ ಒಂದೇ ಆಗಿರುವ ಮುಖ ಅಪರೂಪ. ಫೋನಿನಲ್ಲಿರುವ ಒಂದೆರಡು ಹಳೆಯ ಫೋಟೋಗಳನ್ನು ತೋರಿಸಲು ಕೇಳಿ, ಮುಖ್ಯವಾಗಿ ನಗುತ್ತಿರುವವನ್ನು. ಆಧಾರ್ ಕಾರ್ಡಿನ ಫೋಟೋ ಸುಮ್ಮನಿರುವ ಮುಖಕ್ಕಷ್ಟೇ ಸಾಕು. ಸೆಲ್ಫಿಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು, ಏಕೆಂದರೆ ಎಷ್ಟೋ ಫೋನುಗಳ ಮುಂದಿನ ಕ್ಯಾಮೆರಾ ಎಡಬಲಗಳನ್ನು ಅದಲು ಬದಲು ಮಾಡುತ್ತದೆ. ಇದೇ ಕಾರಣಕ್ಕೆ ನೀವು ತೆಗೆಯುವ ವೀಡಿಯೊ ಹಿಂಬದಿಯ ಕ್ಯಾಮೆರಾದ್ದೇ ಆಗಿರಲಿ, ಮತ್ತು ಅದರ ಆರಂಭದಲ್ಲಿ ದಿನಾಂಕ ಹಾಗೂ ಸೋತ ಬದಿಯನ್ನು ಬರೆದ ಚೀಟಿ ಕಾಣಲಿ. ವೀಡಿಯೊಗೆ ರೋಗಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ಅದನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ.

ಪ್ರತಿ ಚಲನೆಯನ್ನೂ ನೀವೇ ಒಮ್ಮೆ ಮಾಡಿ ತೋರಿಸಿ, ಬಳಿಕ ರೋಗಿಯಿಂದ ಮಾಡಿಸಿ. ಈ ನಗರಗಳಲ್ಲಿ ವಾರ್ಡಿನ ಮಾತು ಮರಾಠಿ, ಹಿಂದಿ, ಕೊಂಕಣಿಗಳಲ್ಲಿ ನಡೆಯುತ್ತದೆ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸಿಗೆ ಆ ಸೂಚನೆ ಅರ್ಧ ಮಾತ್ರ ತಲುಪಿ, ಅವರು ತುಟಿ ಮುಚ್ಚಿಕೊಂಡೇ ಸಣ್ಣಗೆ ನಕ್ಕರೆ ಅಂಕ ಕಡಿಮೆಯಾಗುತ್ತದೆ, ತಪ್ಪು ಮಾತ್ರ ನರದ್ದಲ್ಲ. ‘ಅಕ್ಕಾ, ಹಲ್ಲು ಕಾಣೂ ಹಂಗ ನಗ್ರಿ’ ಎಂದು ಅವರ ಮಾತಿನಲ್ಲೇ ಹೇಳಿ, ನೀವೂ ಹಲ್ಲು ಬಿಟ್ಟು ನಕ್ಕು ತೋರಿಸಿದರೆ ಸೂಚನೆ ಪೂರ್ತಿ ತಲುಪುತ್ತದೆ.

ಐದು ಚಲನೆಗಳು ಮತ್ತು ಮೋಸಹೋಗುವ ಜಾಗಗಳು

ಮೊದಲು ಒಂದು ನಿಮಿಷ ಏನನ್ನೂ ಹೇಳದೆ ಸುಮ್ಮನಿರುವ ಮುಖವನ್ನು ನೋಡಿ. ಕಣ್ಣಿನ ಸೀಳು ಅಗಲವಾಗಿದೆಯೋ ಕಿರಿದಾಗಿದೆಯೋ, ಮೂಗಿನ ಬದಿಯಿಂದ ಬಾಯಿಯಂಚಿಗೆ ಇಳಿಯುವ ಗೆರೆ ಮಾಸಿದೆಯೋ, ಇಲ್ಲವೇ ಆರೋಗ್ಯವಂತ ಬದಿಗಿಂತ ಆಳವಾಗಿದೆಯೋ, ಬಾಯಿಯ ಅಂಚು ಜೋತುಬಿದ್ದಿದೆಯೋ ಎಂದು ಬರೆಯಿರಿ. ಎಷ್ಟು ಸಲ ರೆಪ್ಪೆ ಬಡಿಯುತ್ತಾರೆ, ಸೋತ ಬದಿಯ ರೆಪ್ಪೆ ಪೂರ್ತಿ ಇಳಿಯುತ್ತದೆಯೇ ಎಂಬುದೂ ಈ ಒಂದು ನಿಮಿಷದಲ್ಲೇ ತಿಳಿಯುತ್ತದೆ.

ಆಮೇಲೆ ಐದು ಚಲನೆಗಳು: ಹುಬ್ಬೆತ್ತಿ ಹಣೆ ನೆರಿಗೆಗಟ್ಟಿಸುವುದು, ಕಣ್ಣನ್ನು ಮೆಲ್ಲಗೆ ಮುಚ್ಚುವುದು, ಹಲ್ಲು ಕಾಣುವಂತೆ ನಗುವುದು, ದುರ್ನಾತ ಬಂದಾಗ ಮಾಡುವಂತೆ ಮೂಗು ಸಿಂಡರಿಸಿ ಮೇಲ್ತುಟಿ ಎತ್ತುವುದು, ಸಿಳ್ಳೆ ಹಾಕುವಂತೆ ತುಟಿಗಳನ್ನು ಮುಂದಕ್ಕೆ ಚಾಚುವುದು. ಪ್ರತಿಯೊಂದನ್ನೂ ಮೂರು ಸಲ ಮಾಡಿಸಿದರೆ ಸಾಕು. ಹೆಚ್ಚಾದರೆ ಸೋತ ಸ್ನಾಯು ದಣಿಯುತ್ತದೆ.

ಕಣ್ಣಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಮೇಲ್ರೆಪ್ಪೆಯನ್ನು ಎತ್ತಿ ಹಿಡಿಯುವ ಸ್ನಾಯು ಮೂರನೆಯ ಕಪಾಲ ನರದ ಅಧೀನ. ಅದು ಸಡಿಲಗೊಂಡರೆ ಏಳನೆಯ ನರ ಪೂರ್ತಿ ಸತ್ತಿದ್ದರೂ ರೆಪ್ಪೆ ಸ್ವಲ್ಪ ಕೆಳಗಿಳಿಯುತ್ತದೆ. ಅದನ್ನು ಕಂಡು ‘ಕಣ್ಣು ಮುಚ್ಚುವ ಬಲ ಬರುತ್ತಿದೆ’ ಎಂದು ಸಂತೋಷಪಡುವಂತಿಲ್ಲ. ಕೆಳರೆಪ್ಪೆ ಮೇಲೇಳುತ್ತಿದೆಯೇ, ಕಣ್ಣಿನ ಸುತ್ತಲಿನ ಚರ್ಮ ನೆರಿಗೆಗಟ್ಟುತ್ತಿದೆಯೇ ಎಂದು ನೋಡಬೇಕು. ಮೆಲ್ಲಗೆ ಮುಚ್ಚಿಸಿದಾಗ ಉಳಿಯುವ ಸಂದನ್ನು, ಕಣ್ಣಿಗೆ ತಾಗದಂತೆ ಹಿಡಿದ ಸಣ್ಣ ಸ್ಕೇಲಿನಿಂದ, ಮಿಲಿಮೀಟರಿನಲ್ಲಿ ಅಳೆಯಿರಿ. ನಂತರ ಬಲವಾಗಿ ಮುಚ್ಚಿಸಿ ಇನ್ನೊಮ್ಮೆ ಅಳೆಯಿರಿ. ಮುಚ್ಚುವಾಗ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ ಬಿಳಿಭಾಗ ಮಾತ್ರ ಕಾಣುತ್ತದೆಯೇ ಎಂದೂ ನೋಡಿ. ಇದಕ್ಕೆ ಬೆಲ್ಸ್ ಫಿನಾಮಿನನ್ ಎನ್ನುತ್ತಾರೆ. ಗುಡ್ಡೆ ಹೀಗೆ ಹೊರಳದೆ ಕರಿಭಾಗವೇ ಸಂದಿನಲ್ಲಿ ಕಾಣುತ್ತಿದ್ದರೆ, ಅಥವಾ ವೈದ್ಯರು ಹತ್ತಿಯ ಎಳೆಯಿಂದ ಮುಟ್ಟಿದಾಗ ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸ್ಪರ್ಶ ತಿಳಿಯದಿದ್ದರೆ, ಆ ಕಣ್ಣು ಅಪಾಯದಲ್ಲಿದೆ. ಒಟ್ಟು ಅಂಕ ಎಷ್ಟೇ ಚೆನ್ನಾಗಿರಲಿ, ಇಂಥವರನ್ನು ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್, ರೈಲಿನ ಬಾಗಿಲಿನಲ್ಲೋ ಬೈಕಿನಲ್ಲೋ ಹೋಗುವಾಗ ಸುತ್ತ ಮುಚ್ಚಿದ ಕನ್ನಡಕ, ಇವು ಅಂದಿನಿಂದಲೇ ಆರಂಭವಾಗಬೇಕು. ಇಡೀ ತಪಾಸಣೆಯಲ್ಲಿ ಶಾಶ್ವತ ಹಾನಿಯನ್ನು ನಿಜವಾಗಿ ತಡೆಯಬಲ್ಲ ಭಾಗ ಇದೊಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಾಯಿಯಲ್ಲಿ ಬೇರೊಂದು ಮೋಸವಿದೆ. ಆರೋಗ್ಯವಂತ ಬದಿ ಬಲವಾಗಿ ಎಳೆದಾಗ ಸೋತ ಬದಿಯ ತುಟಿಯೂ ಅದರ ಜೊತೆ ಸರಿಯುತ್ತದೆ. ಅದು ಚಲನೆಯಲ್ಲ, ಎಳೆತ. ಸಂದೇಹವಿದ್ದರೆ ತುಟಿಯ ನಡುಭಾಗವನ್ನು ಬೆರಳಿನಿಂದ ಹಗುರವಾಗಿ ಹಿಡಿದು ನಿಲ್ಲಿಸಿ, ಮತ್ತೆ ನಗಿಸಿ, ಸೋತ ಬದಿಯ ಅಂಚು ತಾನಾಗಿ ಮಿಡುಕುತ್ತದೆಯೇ ಎಂದು ನೋಡಿ. ವಯಸ್ಸಾದವರಲ್ಲಿ ಜೋತ ಚರ್ಮದಿಂದ ಬಲಹೀನತೆ ಇರುವುದಕ್ಕಿಂತ ಹೆಚ್ಚಾಗಿಯೂ, ಬಿಗಿ ಚರ್ಮದ ಎಳೆಯರಲ್ಲಿ ಕಡಿಮೆಯಾಗಿಯೂ ಕಾಣುತ್ತದೆ. ಹಲ್ಲಿನ ಸೆಟ್ ಹಾಕುವವರನ್ನು ಪ್ರತಿಸಲವೂ ಸೆಟ್ ಹಾಕಿಸಿಯೇ ನೋಡಿ.

ಅಂಕ ಹಾಕುವುದು

ಹೆಚ್ಚು ಬಳಕೆಯಲ್ಲಿರುವುದು 1985ರಲ್ಲಿ ಜಾನ್ ಹೌಸ್ ಮತ್ತು ಡೆರಾಲ್ಡ್ ಬ್ರಾಕ್‌ಮನ್ ರೂಪಿಸಿದ ಹೌಸ್–ಬ್ರಾಕ್‌ಮನ್ ಶ್ರೇಣಿ. ಇದರಲ್ಲಿ 1ನೆಯ ದರ್ಜೆ ಸಹಜ ಮುಖ. 2ರಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಬಲಹೀನತೆ ತಿಳಿಯುತ್ತದೆ, ಕಣ್ಣು ಅತಿ ಕಡಿಮೆ ಪ್ರಯತ್ನದಲ್ಲೇ ಪೂರ್ತಿ ಮುಚ್ಚುತ್ತದೆ. 3ರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಆದರೂ ಪ್ರಯತ್ನಪಟ್ಟರೆ ಕಣ್ಣು ಮುಚ್ಚುತ್ತದೆ, ಹಣೆಯಲ್ಲಿ ಸ್ವಲ್ಪವಾದರೂ ಚಲನೆ ಇರುತ್ತದೆ. 4ರಲ್ಲಿ ಹಣೆಯ ಚಲನೆ ಇಲ್ಲ, ಎಷ್ಟು ಪ್ರಯತ್ನಿಸಿದರೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಆದರೆ ಸುಮ್ಮನಿರುವಾಗ ಮುಖ ಸಮವಾಗಿಯೇ ಇರುತ್ತದೆ. 5ರಲ್ಲಿ ಸುಮ್ಮನಿದ್ದಾಗಲೂ ಮುಖ ಸೊಟ್ಟ, ಕಂಡೂ ಕಾಣದಷ್ಟು ಚಲನೆ. 6 ಎಂದರೆ ಚಲನೆಯೇ ಇಲ್ಲ. 3 ಮತ್ತು 4ರ ನಡುವಿನ ಗಡಿ ಕಣ್ಣು ಎಂಬುದನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಇದೇ ಶ್ರೇಣಿಗೆ ಅಳತೆಯ ರೂಪವೂ ಇದೆ. ಹುಬ್ಬಿನ ನಡುಭಾಗ ಎಷ್ಟು ಮೇಲೇರುತ್ತದೆ, ಬಾಯಿಯ ಅಂಚು ಎಷ್ಟು ಹೊರಸರಿಯುತ್ತದೆ ಎಂದು ಅಳೆದು, ಪ್ರತಿ 0.25 ಸೆಂಟಿಮೀಟರಿಗೆ 1 ಅಂಕದಂತೆ ಎರಡಕ್ಕೂ ಗರಿಷ್ಠ 4 ಅಂಕ ಕೊಡುತ್ತಾರೆ. ಒಟ್ಟು 8ಕ್ಕೆ 8 ಬಂದರೆ ಮೊದಲ ದರ್ಜೆ, 7 ಬಂದರೆ ಎರಡನೆಯದು, 5–6 ಮೂರನೆಯದು, 3–4 ನಾಲ್ಕನೆಯದು, 1–2 ಐದನೆಯದು, ಸೊನ್ನೆ ಆರನೆಯದು.

ವೈದ್ಯರಿಂದ ವೈದ್ಯರಿಗೆ ಪತ್ರ ಬರೆಯಲು ಹೌಸ್–ಬ್ರಾಕ್‌ಮನ್ ಸಾಕು. ವ್ಯಾಯಾಮ ಮಾಡಿಸುವವರಿಗೆ ಸಾಲದು. ಹಣೆ ಸತ್ತು ಬಾಯಿ ಚೆನ್ನಾಗಿರುವವರನ್ನೂ, ಬಾಯಿ ಸತ್ತು ಕಣ್ಣು ಚೆನ್ನಾಗಿರುವವರನ್ನೂ ಒಂದೇ ಸಂಖ್ಯೆಯೊಳಗೆ ತುರುಕಬೇಕಾಗುತ್ತದೆ, ಮತ್ತು ವಾರದಿಂದ ವಾರಕ್ಕೆ ಆಗುವ ಸಣ್ಣ ಸುಧಾರಣೆ ಅದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ 1996ರ ಸನಿಬ್ರೂಕ್ ಪದ್ಧತಿಯನ್ನು ಕಲಿಯುವುದು ಒಳ್ಳೆಯದು. ಟೊರಾಂಟೊದ ಸನಿಬ್ರೂಕ್ ಆಸ್ಪತ್ರೆಯ ಹೆಸರು ಅದಕ್ಕಿದೆ. ಸುಮ್ಮನಿರುವ ಮುಖ, ಐದು ಚಲನೆಗಳು, ಮತ್ತು ಒಂದು ಭಾಗವನ್ನು ಚಲಿಸಿದಾಗ ಇನ್ನೊಂದು ಭಾಗ ತಾನಾಗಿ ಚಲಿಸುವ ಬೇಡದ ಜೊತೆಚಲನೆ, ಈ ಮೂರಕ್ಕೂ ಬೇರೆಬೇರೆ ಅಂಕ ಹಾಕಿ, ಚಲನೆಯ ಅಂಕದಿಂದ ಉಳಿದೆರಡನ್ನು ಕಳೆಯುವುದು ಅದರ ಕ್ರಮ.

ಉದಾಹರಣೆಗೆ, ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡುವ ನಲವತ್ತರ ಆಸುಪಾಸಿನ ಒಬ್ಬರು ಹತ್ತನೆಯ ದಿನ ಬಂದಿದ್ದಾರೆಂದು ಕಲ್ಪಿಸಿಕೊಳ್ಳಿ. ಸುಮ್ಮನಿದ್ದಾಗ ಕಣ್ಣು ಅಗಲವಾಗಿದೆ, 1. ಕೆನ್ನೆಯ ಗೆರೆ ಮಾಸಿದೆ, 1 (ಪೂರ್ತಿ ಅಳಿಸಿದ್ದರೆ 2 ಆಗುತ್ತಿತ್ತು). ಬಾಯಿಯ ಅಂಚು ಜೋತಿದೆ, 1. ಒಟ್ಟು 3ನ್ನು 5ರಿಂದ ಗುಣಿಸಿದರೆ 15. ಚಲನೆಗೆ 1ರಿಂದ 5ರವರೆಗೆ ಅಂಕ: ಆರಂಭವೇ ಆಗದಿದ್ದರೆ 1, ತುಸು ಆರಂಭವಾದರೆ 2, ಸ್ವಲ್ಪ ದೂರ ಹೋದರೆ 3, ಬಹುಮಟ್ಟಿಗೆ ಪೂರ್ಣವಾದರೆ 4, ಪೂರ್ಣವಾದರೆ 5. ಇವರ ಹಣೆಗೆ 1, ಕಣ್ಣಿಗೆ 3, ನಗು, ಮೂಗು ಸಿಂಡರಿಸುವುದು, ತುಟಿ ಚಾಚುವುದು ಮೂರಕ್ಕೂ ತಲಾ 2, ಒಟ್ಟು 10. ಅದನ್ನು 4ರಿಂದ ಗುಣಿಸಿದರೆ 40. ಬೇಡದ ಜೊತೆಚಲನೆ ಇನ್ನೂ ಇಲ್ಲ, 0. ಚಲನೆಯ 40ರಿಂದ 15 ಮತ್ತು 0 ಕಳೆದರೆ ಅಂಕ 25. ಸಹಜ ಮುಖಕ್ಕೆ 100. ಹೌಸ್–ಬ್ರಾಕ್‌ಮನ್‌ನಲ್ಲಿ ಇವರು 4ಕ್ಕೂ ಪೂರ್ತಿ ಹೊಂದುವುದಿಲ್ಲ, 5ಕ್ಕೂ ಹೊಂದುವುದಿಲ್ಲ. ಇಂಥವರು ದಿನವೂ ಬರುತ್ತಾರೆ.

ಐದು ತಿಂಗಳ ನಂತರ ಅವರೇ ಬಂದಾಗ ಹಣೆಗೆ 3, ಕಣ್ಣಿಗೆ 5, ಉಳಿದ ಮೂರಕ್ಕೆ ತಲಾ 4 ಬಂದಿದೆ. ಒಟ್ಟು 20, ಗುಣಿಸಿದರೆ 80. ಆದರೆ ಈಗ ಕಣ್ಣು ಕಿರಿದಾಗಿದೆ, ಕೆನ್ನೆಯ ಗೆರೆ ಆರೋಗ್ಯವಂತ ಬದಿಗಿಂತ ಆಳವಾಗಿದೆ. 2ನ್ನು 5ರಿಂದ ಗುಣಿಸಿ 10. ನಕ್ಕಾಗ ಮತ್ತು ತುಟಿ ಚಾಚಿದಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಕಣ್ಣು ಮುಚ್ಚಿದಾಗ ಬಾಯಿಯ ಅಂಚು ಎಳೆಯುತ್ತದೆ. ಪ್ರತಿ ಚಲನೆಗೂ 0ಯಿಂದ 3ರವರೆಗೆ ಕೊಡುವ ಈ ಅಂಕಗಳು ಕೂಡಿ 6. ಹೀಗೆ 80ರಿಂದ 10 ಮತ್ತು 6 ಕಳೆದು 64. ಚಲನೆಯನ್ನಷ್ಟೇ ನೋಡಿದವರು ‘ಬಹುತೇಕ ಗುಣ’ ಎಂದು ಬರೆದು ಕಳುಹಿಸುತ್ತಾರೆ. ಜೊತೆಚಲನೆಯನ್ನು ಎಣಿಸಿದವರಿಗೆ ಈಗ ಬೇಕಾದದ್ದು ಇನ್ನಷ್ಟು ಜೋರಿನ ವ್ಯಾಯಾಮವಲ್ಲ, ಕನ್ನಡಿಯ ಮುಂದೆ ನಿಧಾನವಾಗಿ ಮಾಡುವ, ಒಂದು ಭಾಗವನ್ನು ಮಾತ್ರ ಚಲಿಸಲು ಕಲಿಸುವ ಅಭ್ಯಾಸ ಎಂಬುದು ಗೊತ್ತಾಗುತ್ತದೆ. ಹಾನಿಗೊಂಡ ನರದ ಎಳೆಗಳು ಮತ್ತೆ ಬೆಳೆಯುವಾಗ ತಪ್ಪು ಸ್ನಾಯುವಿಗೆ ಹೋಗಿ ಸೇರುವುದರಿಂದ ಈ ಜೊತೆಚಲನೆ ಹುಟ್ಟುತ್ತದೆ. ಊಟ ಮಾಡುವಾಗ ಆ ಕಣ್ಣಿನಲ್ಲಿ ನೀರು ಸುರಿಯುವುದೂ ಅದೇ ಬಗೆಯ ತಪ್ಪು ಸಂಪರ್ಕದ ಫಲ. ಇದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಮೇಲೆ ಕಾಣಿಸಿಕೊಳ್ಳುವುದರಿಂದ, ಮೊದಲ ತಿಂಗಳ ಸೊನ್ನೆಯನ್ನು ಕೊನೆಯವರೆಗೂ ನಂಬಬಾರದು.

ಮತ್ತೆ ಯಾವಾಗ, ಮುಂದೆ ಎಲ್ಲಿಗೆ

ಮೊದಲ ಕೆಲವು ದಿನಗಳಲ್ಲಿ ಬಲಹೀನತೆ ಇನ್ನೂ ಹೆಚ್ಚಬಹುದಾದ್ದರಿಂದ ಮೊದಲ ವಾರದಲ್ಲೇ ಮತ್ತೊಮ್ಮೆ ನೋಡಿ. ಆಮೇಲೆ ಮೂರನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು ಸಾಕು. ಸಾಧ್ಯವಾದರೆ ಪ್ರತಿಸಲ ಅದೇ ವ್ಯಕ್ತಿ ಅಂಕ ಹಾಕಲಿ. ಹಿಂದಿನ ಅಂಕವನ್ನು ನೋಡದೆ ಹಾಕಿ, ಆಮೇಲೆ ಹೋಲಿಸಬೇಕು. ಬೆಲ್ಸ್ ಪಾಲ್ಸಿಯ ಬಹುಪಾಲು ರೋಗಿಗಳಲ್ಲಿ ಮೂರು ವಾರಗಳೊಳಗೆ ಚೇತರಿಕೆ ಆರಂಭವಾಗುತ್ತದೆ. ಆರಂಭವಾದವರಿಗೆ ಧೈರ್ಯ ಹೇಳಲು ನಿಮ್ಮ ಕೈಯಲ್ಲಿ ಅಂಕ ಇರುತ್ತದೆ.

ಆರಂಭದಲ್ಲೇ 6ನೆಯ ದರ್ಜೆ, ಅಂದರೆ ಪೂರ್ಣ ಪಾರ್ಶ್ವವಾಯು ಆಗಿದ್ದರೆ ವಿದ್ಯುತ್ ತಪಾಸಣೆಗೆ ಅರ್ಥವಿದೆ. ಕಡಿದ ನರದ ಹೊರತುದಿಯೂ ಮೊದಲ ಮೂರು ದಿನ ವಿದ್ಯುತ್ತಿಗೆ ಸ್ಪಂದಿಸುವುದರಿಂದ ಆ ಅವಧಿಯಲ್ಲಿ ಮಾಡಿಸಿದ ಎಲೆಕ್ಟ್ರೋನ್ಯೂರೋಗ್ರಫಿ (ನರಕ್ಕೆ ವಿದ್ಯುತ್ ಕೊಟ್ಟು ಅದರ ಸ್ಪಂದನೆಯನ್ನು ಅಳೆಯುವ ತಪಾಸಣೆ) ದಾರಿ ತಪ್ಪಿಸುತ್ತದೆ. ಆಮೇಲೆ 14 ದಿನಗಳೊಳಗೆ ಮಾಡಿದ ತಪಾಸಣೆಯಲ್ಲಿ ಆರೋಗ್ಯವಂತ ಬದಿಗೆ ಹೋಲಿಸಿದರೆ ಶೇಕಡಾ 90ಕ್ಕಿಂತ ಹೆಚ್ಚು ಎಳೆಗಳು ನಷ್ಟವಾಗಿರುವುದು ಕಂಡರೆ ಪೂರ್ಣ ಚೇತರಿಕೆಯ ಸಂಭವ ಕಡಿಮೆ ಎಂದು ತಜ್ಞರು ಎಣಿಸುತ್ತಾರೆ. ಅಲ್ಪಸ್ವಲ್ಪ ಚಲನೆ ಉಳಿದವರಿಗೆ ಈ ಖರ್ಚು ಬೇಡ.

ಮೂರು ತಿಂಗಳು ಕಳೆದರೂ ಯಾವ ಭಾಗದಲ್ಲೂ ಚಲನೆಯ ಅಂಕ 1ರಿಂದ ಮೇಲೇಳದಿದ್ದರೆ, ಬಂದದ್ದು ಬೆಲ್ಸ್ ಪಾಲ್ಸಿ ಎಂಬ ಹಣೆಪಟ್ಟಿಯನ್ನೇ ಮರುಪರಿಶೀಲಿಸಬೇಕು. ಅಂಥವರನ್ನು ಇನ್ನೊಂದು ತಿಂಗಳು ವ್ಯಾಯಾಮಕ್ಕೆ ಕರೆಯದೆ, ನರರೋಗ ಅಥವಾ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಎಂಆರ್‌ಐ ಮತ್ತು ಎಲೆಕ್ಟ್ರೋಮಯೋಗ್ರಫಿಗಾಗಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ತಪಾಸಣೆ) ಕಳುಹಿಸಿ. ಜೊತೆಗೆ ಕಳುಹಿಸುವ ಚೀಟಿಯಲ್ಲಿ ಆರಂಭದ ದಿನಾಂಕ, ಸೋತ ಬದಿ, ಪ್ರತಿ ಭೇಟಿಯ ಹೌಸ್–ಬ್ರಾಕ್‌ಮನ್ ದರ್ಜೆ, ಸನಿಬ್ರೂಕಿನ ಮೂರೂ ಬಿಡಿ ಅಂಕಗಳು ಮತ್ತು ಕಣ್ಣಿನ ಸಂದಿನ ಮಿಲಿಮೀಟರ್ ಅಳತೆ ಇರಲಿ. ಅದರ ಒಂದು ಪ್ರತಿಯನ್ನು ರೋಗಿಯ ಕೈಗೂ ಕೊಡಿ.